ಅರ್ಧಕ್ಕೆ ನಿಂತ ಕೌದಿ, ಅರ್ಧಕ್ಕೆ ನಿಂತ ಬರವಣಿಗೆ: ನೀವೆಲ್ಲ ಹೆಂಗೆ ನಿಭಾಯಿಸ್ತೀರಿ?

ಪ್ರಶ್ನೆ (ನಿಟ್ಟುವಳ್ಳಿ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತತಿ, ಬೇಜಾರು ಮಾಡ್ಕೋಬೇಡ್ರಿ. ನನಗೆ ಎರಡು ಹುಚ್ಚು, ಒಂದು ಕೌದಿ (ಹಳೇ ಸೀರೆ ಪದರ ಜೋಡಿಸಿ ಮಾಡೋ ಹೊದಿಕೆ) ಹೊಲಿಯೋದು, ಇನ್ನೊಂದು ಬರೆಯೋದು. ಶುರು ಮಾಡೋದ್ರಲ್ಲಿ ನಾನೇ ಮುಂದು, ಮುಗಿಯೋದು ಮಾತ್ರ ಯಾವಾಗೋ. ಅಟ್ಟದ ಮೇಲೆ ಹಳೇ ಸೀರೆ ಗಂಟು, ಟ್ರಂಕಲ್ಲಿ ಅರ್ಧ ಹೊಲಿದ ಕೌದಿಗಳು. ಮೊಮ್ಮಗಳು ಹುಟ್ಟಿದಾಗ ಅಂತ ಹಿಡಿದ ಕೂಸಿನ ಕೌದಿ ಹಂಗೇ ಐತಿ, ಅವಳು ಈಗ ಎರಡನೇ ಕ್ಲಾಸು. ಇತ್ತಕಡೆ ನಮ್ಮ ಮಾವನವರು ಕಾಟನ್ ಮಿಲ್ಲಲ್ಲಿ ಇದ್ದೋರು, ಆ ಕಾಲದ್ದು ಬರೀಬೇಕು ಅಂತ ನೋಟ್‌ಬುಕ್ ತುಂಬ ಗೀಚಿಟ್ಟೀನಿ, ಒಂದಿಷ್ಟು ಕವನ, ಮೂರು ಅಧ್ಯಾಯಕ್ಕೆ ನಿಂತ ಕಾದಂಬರಿ, ಹಳೇ ಕಂಪ್ಯೂಟರಲ್ಲಿ ನುಡಿ (ಕನ್ನಡ ಟೈಪ್ ಮಾಡೋ ಸಾಫ್ಟ್‌ವೇರ್) ಫೈಲುಗಳು. ರಾತ್ರಿ ತಲೆ ಇಟ್ರೆ ಸಾಕು ಎಲ್ಲಾ ಒಟ್ಟಿಗೇ ನೆನಪಾಗ್ತವೆ. ಹಳೇದು ಮುಟ್ಟಾಕೆ ಮನಸ್ಸಿಲ್ಲ, ಹೊಸದು ಹಿಡಿಯಾಕೆ ಧೈರ್ಯ ಇಲ್ಲ. ನೀವು ಹೆಂಗೆ ಮಾಡ್ತೀರಿ ಹೇಳ್ರಿ. ಮನೆಯೋರು ಎಲ್ಲಾ ಬಿಸಾಕು ಅಂತಾರೆ, ಆ ಸಲಹೆ ಮಾತ್ರ ಬ್ಯಾಡ.

ಉತ್ತರ (ಎಂಸಿಸಿ ಬಿ ಬ್ಲಾಕ್, ದಾವಣಗೆರೆ)

ಅಕ್ಕಾ, ಬಿಸಾಕೋದು ಯಾಕೆ, ಮೊದಲು ಅಟ್ಟದಿಂದ ಕೆಳಗೆ ಇಳಿಸ್ರಿ. ಕಣ್ಣಿಗೆ ಕಾಣದೆ ಇರೋ ಗಂಟು ತಲೇಲಿ ಇನ್ನೂ ದೊಡ್ಡದಾಗ್ತಾ ಹೋಗ್ತತಿ. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಹಾಲಲ್ಲಿ ಚಾಪೆ ಹಾಸಿ ಎಲ್ಲಾ ಬಿಚ್ಚಿ ಹರವ್ರಿ, ನೋಟ್‌ಬುಕ್ಕೂ ಪಕ್ಕದಲ್ಲೇ ಇಟ್ಕೊಳ್ರಿ. ಅವತ್ತು ಸೂಜಿ ಮುಟ್ಟಬಾರದು, ಪೆನ್ನೂ ಮುಟ್ಟಬಾರದು, ಬರೀ ನೋಡೋದು ವಿಂಗಡಿಸೋದು. ಇದು ಮುಖ್ಯ ಯಾಕಂದ್ರೆ ನಾವು ಏನ್ಮಾಡ್ತೀವಿ, ಮೊದಲು ಕೈಗೆ ಸಿಕ್ಕ ಕೌದಿ ಎತ್ಕೊಂಡು ಎರಡು ಸಾಲು ಹೊಲಿದು ಸಂಜೆ ಆಯ್ತು ಅಂತ ಉಳಿದದ್ದನ್ನೆಲ್ಲ ಮತ್ತೆ ಅಟ್ಟಕ್ಕೆ ತುರುಕ್ತೀವಿ.

ವಿಂಗಡಿಸೋವಾಗ ಎಲ್ಲರೂ ಹೇಳೋದು ಯಾವುದು ಹತ್ತಿರ ಮುಗಿಯೋ ಹಂಗೆ ಐತೆ ಅದನ್ನ ಮೊದಲು ಹಿಡೀರಿ ಅಂತ. ನಾನು ಹಂಗೆ ಹೇಳಲ್ಲ. ಯಾವುದು ಕಾಯಲ್ಲ ಅದು ಮೊದಲು. ಪದರ ಜೋಡಿಸಿ ಪಿನ್ನು ಹಾಕಿ ಬಿಟ್ಟಿರೋ ಕೌದಿ ಇದ್ರೆ ಅದಕ್ಕೆ ಮೊದಲ ಪಾಳಿ, ಯಾಕಂದ್ರೆ ಮಳೆಗಾಲದ ತೇವಕ್ಕೆ ಪಿನ್ನು ತುಕ್ಕು ಹಿಡಿದು ಬಟ್ಟೆ ಮೇಲೆ ಕಂದು ಚುಕ್ಕಿ ಕೂತ್ರೆ ಆಮೇಲೆ ಯಾವ ಸೋಪಿಗೂ ಹೋಗಲ್ಲ. ಹೊಲಿಯಾಕೆ ಟೈಮ್ ಇಲ್ಲ ಅಂದ್ರೂ ಪರವಾಗಿಲ್ಲ, ಪಿನ್ನು ತೆಗೆದು ಗೇಣಿಗೊಂದು ಉದ್ದ ಕಚ್ಚಾ ಹೊಲಿಗೆ ಹಾಕಿ ಇಡ್ರಿ. ಆಮೇಲೆ ಗಂಜಿ ಹಾಕಿದ ಸೀರೆಗಳು. ಗಂಜಿ ಸಮೇತ ಮಡಚಿಟ್ರೆ ಸಿಲ್ವರ್ ಫಿಶ್ ಹುಳಕ್ಕೆ ಹಬ್ಬ, ಮಡಿಕೆ ಮಡಿಕೆಗೂ ತೂತು. ಬರೀ ನೀರಲ್ಲಿ ಚೆನ್ನಾಗಿ ಜಾಲಾಡಿ ಗಂಜಿ ಬಿಡಿಸಿ, ಪೂರ್ತಿ ಒಣಗಿಸಿ ಕಟ್ಟಿಡ್ರಿ.

ಇನ್ನು ಒಂದೊಂದೇ ಸೀರೆ ಕಿಟಕಿ ಬೆಳಕಿಗೆ ಹಿಡೀರಿ. ಎಳೆ ತೆಳ್ಳಗಾಗಿ ಆ ಕಡೆ ಮನುಷ್ಯ ಕಾಣೋ ಹಂಗೆ ಇದ್ರೆ, ಎರಡು ಹೆಬ್ಬೆಟ್ಟಲ್ಲಿ ಮೆಲ್ಲಗೆ ಎಳೆದು ನೋಡ್ರಿ, ಚರ್ ಅಂದ್ರೆ ಅದು ಒಳ ಪದರಕ್ಕೆ, ಮೇಲೆ ಹಾಕೋದಲ್ಲ. ಪಾಲಿಸ್ಟರ್ ಸೀರೆ ಬಣ್ಣ ಚೆಂದ ಅಂತ ಕಾಟನ್ ಜೊತೆ ಸೇರಿಸಿದ್ರೆ ಕಾಟನ್ ಒಗೆದಾಗ ಕುಗ್ತತಿ, ಇದು ಕುಗ್ಗಲ್ಲ, ಕೌದಿ ಉಬ್ಬುಬ್ಬಾಗ್ತತಿ. ಅಂಥವೆಲ್ಲ ಒಂದು ಕಡೆ ಹಾಕಿ ಅವೇ ಅವೇ ಸೇರಿಸಿ ಕಾಲೊರೆಸೋದು ಮಾಡ್ರಿ ಇಲ್ಲಾ ಯಾರಿಗಾದ್ರೂ ಕೊಡ್ರಿ. ಸೀರೆ ಸುಮಾರು ಐದೂವರೆ ಮೀಟರ್ ಇರ್ತತಲ್ಲ, ಒಂದು ಸಲ ಮಡಚಿದ್ರೆ ಎರಡು ಮುಕ್ಕಾಲು ಮೀಟರ್ ಉದ್ದ, ಒಬ್ಬರು ಹೊದೆಯಾಕೆ ಎರಡು ಪದರ ರೆಡಿ. ಈ ಲೆಕ್ಕದಲ್ಲಿ ನೋಡಿದ್ರೆ ನಿಮ್ಮ ಗಂಟಲ್ಲಿ ನಿಜವಾಗ್ಲೂ ಎಷ್ಟು ಕೌದಿ ಐತೆ ಅಂತ ಅರ್ಧ ಗಂಟೆಲಿ ಗೊತ್ತಾಗ್ತತಿ. ನೀವು ಅಂದ್ಕೊಂಡಿದ್ದಕ್ಕಿಂತ ಕಮ್ಮಿನೇ ಇರ್ತತಿ ನೋಡ್ರಿ.

ಕೊನೇದಾಗಿ ಚೀಟಿ. ಪ್ರತಿ ಗಂಟಿಗೂ ಒಂದು ಹಳೇ ಮದುವೆ ಪತ್ರಿಕೆ ತುಂಡಲ್ಲಿ ಬರೆದು ದಾರದಿಂದ ಕಟ್ಟೋದು. "ಕೆಂಪು ಕೌದಿ" ಅಂತ ಬರೆದ್ರೆ ಉಪಯೋಗ ಇಲ್ಲ. "ಬಲಗಡೆ ಮೂಲೆಯಿಂದ ಸಾಲು ಮುಂದುವರಿಸೋದು, ಹಸಿರು ದಾರ ಸಾಲಲ್ಲ, ತರಬೇಕು" ಅಂತ ಮುಂದಿನ ಕೆಲಸ ಬರೀರಿ. ಬರವಣಿಗೆಗೂ ಇದೇ, ನೋಟ್‌ಬುಕ್ ಕೊನೆ ಪುಟದ ಮೇಲೆ ಮುಂದೆ ಏನು ಅಂತ ಒಂದು ಸಾಲು.

ಉತ್ತರ (ಚಿತ್ರದುರ್ಗ)

ಮೇಲಿನ ಮೇಡಂ ಹೇಳಿದ ಚೀಟಿ ವಿಷಯಕ್ಕೆ ಒಂದು ಸೇರಿಸ್ತೀನಿ, ನಾನು ಕಾಲೇಜಲ್ಲಿ ಸೈಕಾಲಜಿ ಪಾಠ ಮಾಡೋನು, ಚಟ ಬಿಡಲ್ಲ. ಬ್ಲೂಮಾ ಜೈಗಾರ್ನಿಕ್ ಅನ್ನೋ ಮನಶ್ಶಾಸ್ತ್ರಜ್ಞೆ ಬರ್ಲಿನ್ನಲ್ಲಿ ಜನಕ್ಕೆ ಸಣ್ಣ ಸಣ್ಣ ಕೆಲಸ ಕೊಟ್ಟು ಕೆಲವನ್ನ ಮಧ್ಯದಲ್ಲೇ ನಿಲ್ಲಿಸಿದ್ರು. ಮುಗಿದದ್ದಕ್ಕಿಂತ ನಿಂತದ್ದೇ ಜನಕ್ಕೆ ಜಾಸ್ತಿ ನೆನಪಿತ್ತು ಅಂತ 1927ರಲ್ಲಿ ಬರೆದ್ರು. ಇಂಟರ್‌ನೆಟ್ಟಲ್ಲಿ ಎಲ್ಲಾ ಕಡೆ ಇದನ್ನ ವೇದವಾಕ್ಯದ ಥರ ಹೇಳ್ತಾರೆ, ಆದ್ರೆ ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಈ ನೆನಪಿನ ಫಲಿತಾಂಶ ಒಂದೇ ಥರ ಬಂದಿಲ್ಲ. ಅವರ ಜೊತೆಗಾರ್ತಿ ಮರಿಯಾ ಓವ್‌ಸ್ಯಾಂಕಿನಾ 1928ರಲ್ಲಿ ತೋರಿಸಿದ್ದು ಮಾತ್ರ ಗಟ್ಟಿಯಾಗಿ ನಿಂತೈತೆ: ಅರ್ಧಕ್ಕೆ ಬಿಡಿಸಿದ ಕೆಲಸ ಕಣ್ಣೆದುರು ಇದ್ದು ಬಿಡುವು ಸಿಕ್ಕಿದ್ರೆ, ಯಾರೂ ಹೇಳದಿದ್ರೂ ಜನ ತಾವಾಗೇ ಅದಕ್ಕೆ ಕೈ ಹಾಕ್ತಾರೆ. ಹಂಗಾಗಿ ಅಟ್ಟದಿಂದ ಇಳಿಸ್ರಿ ಅಂದಿದ್ದು ಸರಿಯಾಗೇ ಐತೆ.

ಇನ್ನೊಂದು, 2011ರಲ್ಲಿ ಮ್ಯಾಸಿಕ್ಯಾಂಪೊ, ಬೌಮೈಸ್ಟರ್ ಅನ್ನೋ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ್ದು. ಕೆಲಸ ಮುಗಿಸದಿದ್ರೂ ಪರವಾಗಿಲ್ಲ, ಯಾವಾಗ ಎಲ್ಲಿ ಹೆಂಗೆ ಮಾಡ್ತೀನಿ ಅಂತ ಖಚಿತ ಪ್ಲಾನ್ ಬರೆದ್ರೆ ಸಾಕು, ಆ ಕೆಲಸ ಬೇರೆ ಕೆಲಸದ ಮಧ್ಯೆ ಬಂದು ತಲೆ ತಿನ್ನೋದು ಕಮ್ಮಿ ಆಗ್ತೈತೆ ಅಂತ. ನಿಮ್ಮ ರಾತ್ರಿ ಸಮಸ್ಯೆಗೆ ಇದು ನೇರ ಉತ್ತರ. ದಿಂಬಿನ ಪಕ್ಕ ಒಂದು ಪುಟ್ಟ ಪುಸ್ತಕ ಇಟ್ಟು, ನೆನಪಾಗಿದ್ದಕ್ಕೆಲ್ಲ ಯಾವ ದಿನ ಏನು ಅಂತ ಬರೆದು ಲೈಟ್ ಆರಿಸ್ರಿ. ಬರೀ "ಕಾದಂಬರಿ ಮುಗಿಸಬೇಕು" ಅಂತ ಬರೆದ್ರೆ ಅದು ಪ್ಲಾನ್ ಅಲ್ಲ, ಚಿಂತೆನೇ.

ಉತ್ತರ (ಹರಿಹರ)

ಎಲ್ಲಾ ಮುಗಿಸಲೇಬೇಕು ಅಂತ ಯಾರ್ ಹೇಳಿದ್ದು? ಕೆಲವು ಕವನ ನಾಲ್ಕು ಸಾಲಿಗೇ ಮುಗಿದಿರ್ತಾವೆ, ನಮಗೆ ಗೊತ್ತಾಗಿರಲ್ಲ ಅಷ್ಟೆ. ಕಾದಂಬರಿ ಮೂರು ಅಧ್ಯಾಯ ಓದಿ ನೋಡ್ರಿ, ನಿಮಗೇ ಮುಂದೇನು ಅಂತ ಕುತೂಹಲ ಬರಲಿಲ್ಲ ಅಂದ್ರೆ "ಇದು ಇಲ್ಲಿಗೆ ಸಾಕು" ಅಂತ ಮೇಲೆ ಬರೆದು ತಾರೀಖು ಹಾಕಿ ಎತ್ತಿಡ್ರಿ. ಹರಿಯೋದೂ ಬ್ಯಾಡ, ಬಿಸಾಕೋದೂ ಬ್ಯಾಡ. ಇದು ಸೋಲಲ್ಲ ಅಂತೆಲ್ಲ ನಾನು ಭಾಷಣ ಮಾಡಲ್ಲ, ಆದ್ರೆ ಲಿಸ್ಟಲ್ಲಿ ಒಂದು ಸಾಲು ಹೊಡೆದ್ರೂ ಹಗುರ ಆಗೋದು ಖರೆ.

ಪ್ರಶ್ನೆ ಕೇಳಿದವರು

ಅಯ್ಯೋ ಇಷ್ಟೊಂದು ಬರೆದೀರಲ್ಲ, ಪುಣ್ಯಾತ್ಮರು. ಎರಡು ಡೌಟು. ಒಂದು, ನಮ್ಮ ಅತ್ತೆಯವರ ಸೀರೆಗಳು, ಒಂದು ಇಳಕಲ್ ಸೇರಿ, ಕತ್ತರಿ ಹಾಕಾಕೆ ಮನಸ್ಸೇ ಬರಲ್ಲ, ಹಂಗಂತ ಉಡಾಕೂ ಆಗಲ್ಲ ಅಷ್ಟು ಪಿಸಿದಾವೆ. ಇನ್ನೊಂದು, ನುಡಿ ಫೈಲು ಮಗನ ಲ್ಯಾಪ್‌ಟಾಪಲ್ಲಿ ತೆಗೆದ್ರೆ ಕನ್ನಡನೇ ಇಲ್ಲ, ಏನೇನೋ ಗೆರೆ ಚುಕ್ಕಿ ಬರ್ತಾವೆ. ಎಲ್ಲಾ ಹೋಯ್ತಾ?

ಉತ್ತರ (ಮಂಡಿಪೇಟೆ, ದಾವಣಗೆರೆ)

ಮೇಡಂ ಏನೂ ಹೋಗಿಲ್ಲ ಗಾಬರಿ ಬೇಡ. ನಾನು ಡಿಟಿಪಿ ಕೆಲಸ ಮಾಡೋನು, ತಿಂಗಳಿಗೆ ಒಬ್ಬರಾದ್ರೂ ಇದೇ ಹೇಳ್ಕೊಂಡು ಬರ್ತಾರೆ. ಹಳೇ ನುಡಿ, ಬರಹದಲ್ಲಿ ಟೈಪ್ ಮಾಡಿದ್ದು ಒಳಗಡೆ ಇಂಗ್ಲಿಷ್ ಅಕ್ಷರದ ಕೋಡಲ್ಲೇ ಕೂತಿರುತ್ತೆ, ಆ ಫಾಂಟ್ ಇದ್ರೆ ಮಾತ್ರ ಕನ್ನಡ ಕಾಣುತ್ತೆ. ಮಗನ ಲ್ಯಾಪ್‌ಟಾಪಲ್ಲಿ ಆ ಫಾಂಟ್ ಇಲ್ಲ, ಅಷ್ಟೇ ಕಥೆ. ಮಾಡಬೇಕಾದ್ದು ಏನಂದ್ರೆ, ಮೊದಲು ಇಡೀ ಫೋಲ್ಡರ್ ಪೆನ್‌ಡ್ರೈವಿಗೆ ಒಂದು ಕಾಪಿ, ಮೂಲ ಫೈಲ್ ಮುಟ್ಟಬೇಡಿ. ಆಮೇಲೆ ಆಸ್ಕಿಯಿಂದ (ಅದೇ ಈ ಹಳೇ ಕೋಡು) ಯೂನಿಕೋಡ್‌ಗೆ (ಯಾವ ಕಂಪ್ಯೂಟರಲ್ಲೂ ಕನ್ನಡ ಕಾಣೋ ಕೋಡು) ಬದಲಾಯಿಸೋ ಕನ್ವರ್ಟರ್‌ಗಳು ಪುಕ್ಕಟೆ ಸಿಗ್ತವೆ, ಅದಕ್ಕೆ ಹಾಕಿ. ಒಂದು ಎಚ್ಚರಿಕೆ, ನೀವು ಮಧ್ಯೆ ಮಧ್ಯೆ ಇಂಗ್ಲಿಷ್ ಪದ ಹಾಕಿದ್ರೆ ಅದನ್ನೂ ಕನ್ನಡ ಅಂದ್ಕೊಂಡು ಕಲಸಿಬಿಡುತ್ತೆ, ಅರ್ಕಾವೊತ್ತು ಒತ್ತಕ್ಷರ ಅಲ್ಲಲ್ಲಿ ಜಾಗ ತಪ್ಪುತ್ತೆ, ಒಂದು ಸಲ ಕಣ್ಣಾಡಿಸಲೇಬೇಕು. ಆ ನೆಪದಲ್ಲಿ ಹಳೇದೆಲ್ಲ ಓದಿದಂಗೂ ಆಗುತ್ತೆ.

ಫೈಲಿಗೆ ಹೆಸರು ಇಡುವಾಗ "ಕವನ ಹೊಸದು", "ಕವನ ಹೊಸದು ಫೈನಲ್", "ಫೈನಲ್ ಎರಡು" ಹಿಂಗೆ ಇಡಬೇಡಿ ದಯವಿಟ್ಟು, ಕಸ್ಟಮರ್‌ಗಳ ಇಂಥ ಫೈಲ್ ನೋಡಿ ನೋಡಿ ನನ್ನ ಕೂದಲು ಉದುರಿದ್ದು. ಮೊದಲು ವರ್ಷ, ಆಮೇಲೆ ಹೆಸರು, ಹಂಗೆ ಇಟ್ರೆ ತಾವೇ ಸಾಲಾಗಿ ಕೂರ್ತವೆ.

ನೋಟ್‌ಬುಕ್ಕಿನ ಕೈಬರಹ ಫೋಟೋ ತೆಗೆದು ಅಕ್ಷರ ಮಾಡಿಸೋಕೆ ಹೋಗಬೇಡಿ, ಪ್ರಿಂಟಾದ ಕನ್ನಡ ಫೋನ್ ಓದುತ್ತೆ, ಕೈಬರಹಕ್ಕೆ ತಡಬಡಾಯಿಸುತ್ತೆ. ಅದರ ಬದಲು ಫೋನ್ ಕೀಬೋರ್ಡಲ್ಲಿ ಮೈಕ್ ಒತ್ತಿ ನೋಟ್‌ಬುಕ್ ನೋಡ್ಕೊಂಡು ಜೋರಾಗಿ ಓದಿ, ಕನ್ನಡದಲ್ಲೇ ಟೈಪ್ ಆಗುತ್ತೆ. ನಮ್ಮ ಕಡೆ "ಐತಿ, ಆಗ್ತತಿ" ಅಂದ್ರೆ ಏನೇನೋ ಹಾಕುತ್ತೆ, ಪುಸ್ತಕದ ಭಾಷೆಲಿ ಓದಬೇಕು. ಫುಲ್‌ಸ್ಟಾಪು ಕಾಮಾ ಆಮೇಲೆ ನೀವೇ ಹಾಕ್ಕೊಳ್ಳಿ.

ಉತ್ತರ (ಎಂಸಿಸಿ ಬಿ ಬ್ಲಾಕ್, ಮತ್ತೆ ನಾನೇ)

ಮಿಲ್ ಕಥೆ ಬಗ್ಗೆ ಅವಾಗ್ಲೇ ಬರೀಬೇಕಿತ್ತು, ಕೌದಿ ಗುಂಗಲ್ಲಿ ಅದು ಆ ಕಡೆ ಹೋಯ್ತು. ಅಕ್ಕಾ ನಿಮ್ಮ ಇಡೀ ಲಿಸ್ಟಲ್ಲಿ, ಪಿನ್ನು ಹಾಕಿದ ಕೌದಿಗಿಂತ್ಲೂ, ಕಾಯದೆ ಇರೋದು ಅದು. ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು ಅಂತ ಈಗಿನ ಹುಡುಗ್ರಿಗೆ ಹೇಳಿದ್ರೆ ಬೆಣ್ಣೆ ದೋಸೆ ತಿಂತಾ ಹೌದಾ ಅಂತಾರೆ. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು, ಅಲ್ಲಿ ಕೆಲಸ ಮಾಡಿದೋರು ಈಗ ಎಷ್ಟು ಜನ ಉಳಿದಿದಾರೆ? ಕಾದಂಬರಿ ಹತ್ತು ವರ್ಷ ಬಿಟ್ಟು ಬರೀಬಹುದು, ಕವನ ಯಾವಾಗ ಬೇಕಾದ್ರೂ. ಸೈರನ್ ಎಷ್ಟು ಗಂಟೆಗೆ ಆಗ್ತಿತ್ತು, ನೈಟ್ ಶಿಫ್ಟಿಗೆ ಬುತ್ತಿ ಯಾರು ಒಯ್ತಿದ್ರು, ಹತ್ತಿ ಧೂಳಿಗೆ ಮೂಗಿಗೆ ಏನು ಕಟ್ಕೊಳ್ತಿದ್ರು, ಇದನ್ನೆಲ್ಲ ಹೇಳೋರು ಇರುವಾಗ್ಲೇ ಕೇಳಬೇಕು. ಮಾವನವರ ಜೊತೆಗಾರರು ಯಾರಾದ್ರೂ ಇದ್ರೆ ಹೋಗಿ ಕೂತು ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ರಿ, ಬರೆಯೋದು ನಿಧಾನಕ್ಕೆ.

ಕೂಸಿನ ಕೌದಿ ಚಿಕ್ಕದಾಯ್ತು ಅಂತ ಕೈ ಬಿಡಬೇಡ್ರಿ. ಸುತ್ತ ಒಂದು ಮೊಳದ ಪಟ್ಟಿ ಸೇರಿಸ್ರಿ, ಅದೂ ಮೊಮ್ಮಗಳ ಚಿಕ್ಕದಾದ ಫ್ರಾಕುಗಳಿಂದ್ಲೇ. ಅವಳನ್ನೇ ಪಕ್ಕ ಕೂರಿಸ್ಕೊಂಡ್ರೆ ಯಾವ ತುಂಡು ಎಲ್ಲಿ ಅಂತ ಅವಳೇ ಹೇಳ್ತಾಳೆ, ನಿಮಗೂ ಎದ್ದು ಹೋಗಾಕೆ ಬಿಡಲ್ಲ.

ಉತ್ತರ (ಚಳ್ಳಕೆರೆ)

ಅತ್ತೆಯವರ ಸೀರೆಗೆ: ಕತ್ತರಿ ಹಾಕಲೇಬೇಕು ಅಂತೇನಿಲ್ಲಮ್ಮ. ಇಡೀ ಸೀರೆ ಮಡಚಿ ಪದರ ಮಾಡ್ರಿ, ಇಳಕಲ್ ಸೆರಗು ಮಾತ್ರ ಮೇಲೆ ಕಾಣೋ ಹಂಗೆ. ಸೆರಗೂ ಪಿಸಿದಿದ್ರೆ ಅದರ ಕೆಳಗೆ ಗಟ್ಟಿ ಕಾಟನ್ ತುಂಡು ಕೊಟ್ಟು ಸಾಲು ಹತ್ತಿರ ಹತ್ತಿರ ಹೊಲೀರಿ, ಹೊಲಿಗೆನೇ ಬಟ್ಟೆನ ಹಿಡ್ಕೊಂಡಿರ್ತೈತೆ. ನಮ್ಮಜ್ಜಿ ಕೌದಿ ಕೊನೆ ಮೂಲೆ ಮುಚ್ಚೋ ಮುಂಚೆ ಒಂದು ಚೂರು ಹೋಳಿಗೆ ಒಳಗಿಟ್ಟು ಹೊಲೀತಿದ್ಲು, ಖಾಲಿ ಹೊಟ್ಟೆಲಿ ಕಳಿಸಬಾರದು ಅಂತ. ಇರುವೆ ಬರ್ತಾವೆ ಕಣಜ್ಜಿ ಅಂದ್ರೆ ಬೈತಿದ್ಲು.

ಇನ್ನೊಂದು ದಾರಿ, ನಮ್ಮಲ್ಲಿ ಯಾರೂ ಹೇಳಲಿಲ್ಲ. ಎಲ್ಲಾ ನಿಮ್ಮ ಕೈಯಲ್ಲೇ ಆಗಬೇಕು ಅನ್ನೋದು ಬಿಡ್ರಿ. ಕೌದಿ ಹೊಲಿಯೋ ಹೆಂಗಸರು, ಗೋಂದಳಿ, ಬುಡಬುಡಕಿ ಮನೆಯೋರು, ಹಳ್ಳಿ ಕಡೆ ಈಗ್ಲೂ ಸಿಗ್ತಾರೆ. ಪದರ ಜೋಡಿಸಿಟ್ಟ ಎರಡು ಮೂರು ಅವರಿಗೆ ಕೊಟ್ಟು ಹೊಲಿಸ್ಕೊಳ್ರಿ. ಕೂಲಿ ಮೊದಲೇ ಮಾತಾಡ್ರಿ, ಚೌಕಾಸಿ ಜಾಸ್ತಿ ಬ್ಯಾಡ, ಒಂದು ದೊಡ್ಡ ಕೌದಿ ಅಂದ್ರೆ ಬೆನ್ನು ಬಗ್ಗಿಸಿ ದಿನಗಟ್ಟಲೆ ಕೂರೋ ಕೆಲಸ ಅಂತ ನಿಮಗೇ ಗೊತ್ತಲ್ಲ. ಅವರು ಅಂಚಿಂದ ಶುರು ಮಾಡಿ ಒಳಗೆ ಸುತ್ತುತ್ತಾ ಬಂದ್ರೆ ಗಾಬರಿಯಾಗಬೇಡ್ರಿ, ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಂಗಸರು ಕವಂದಿ, ಅಂದ್ರೆ ಅವರ ಕೌದಿ, ಹೊಲಿಯೋದೂ ಹಂಗೇ.

ಪ್ರಶ್ನೆ ಕೇಳಿದವರು

ಇವತ್ತು ಅಟ್ಟದಿಂದ ಇಳಿಸಿದೆ. ನಮ್ಮ ಯಜಮಾನ್ರು ಸ್ಟೂಲ್ ಹಿಡ್ಕೊಂಡು ಗೊಣಗ್ತಾ ನಿಂತಿದ್ರು, ಆಮೇಲೆ ಅವರಮ್ಮನ ಸೀರೆ ಕಂಡು ಅವರೇ ಕೂತುಬಿಟ್ರು, ಇದು ಯಾವ ಜಾತ್ರೇಲಿ ತಂದಿದ್ದು ಗೊತ್ತಾ ಅಂತ ಶುರು. ಬಿಸಾಕು ಅನ್ನೋ ಮಾತು ಸದ್ಯಕ್ಕೆ ನಿಂತೈತಿ. ಪಿನ್ನು ಹಾಕಿ ಬಿಟ್ಟಿದ್ದು ಒಂದು ದೊಡ್ಡದು ಸಿಕ್ತು, ತುಕ್ಕು ಇನ್ನೂ ಕೂತಿಲ್ಲ. ಕಾದಂಬರಿಗೆ ಹರಿಹರದವರು ಹೇಳಿದಂಗೆ ತಾರೀಖು ಹಾಕಿ ಎತ್ತಿಟ್ಟೆ. ಮಾವನವರ ಜೊತೆ ನೂಲು ಖಾತೆಲಿದ್ದ ಒಬ್ಬರು ಹಳೇಪೇಟೆ ಕಡೆ ಇದ್ದಾರಂತೆ, ಬುಧವಾರ ಬೆಳಗ್ಗೆ ಹೋಗೋದು ಅಂತ ಪುಸ್ತಕದಲ್ಲಿ ಬರೆದೀನಿ. ದೊಡ್ಡ ಕೌದಿಗೆ ಕಚ್ಚಾ ಹೊಲಿಗೆ ಒಬ್ಬಳ ಕೈಲಿ ಆಗಲ್ಲ, ಪದರ ಜಾರ್ತಾವೆ, ಅದಕ್ಕೇನು ಮಾಡ್ಲಿ?

ಉತ್ತರ (ಎಂಸಿಸಿ ಬಿ ಬ್ಲಾಕ್)

ನಾಲ್ಕು ಮೂಲೆಗೂ ಅಕ್ಕಿ ಡಬ್ಬಿನೋ ರುಬ್ಬುಗುಂಡೋ ಇಟ್ಟು ಬಿಗಿ ಮಾಡ್ಕೊಂಡು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಹಾಕ್ರಿ. ಇಲ್ಲಾಂದ್ರೆ ಭಾನುವಾರ ಮಧ್ಯಾಹ್ನ ನಾನೇ ಬರ್ತೀನಿ, ನಿಟ್ಟುವಳ್ಳಿ ಎಷ್ಟು ದೂರ. ಹಾಲ್ ಖಾಲಿ ಮಾಡಿಸಿ ಇಡ್ರಿ, ದಬ್ಬಳ ನಾನು ತರ್ತೀನಿ, ಮಂಡಕ್ಕಿ ಮೆಣಸಿನಕಾಯಿ ನಿಮ್ಮದು.