ಬೀದಿಯ ಪುಟ್ಟ ಮಾಂಟೆಸ್ಸರಿ: ಎರಡು ವರ್ಷ ಸಾಕಾ, ಮೂರೂ ಮುಗಿಸಬೇಕಾ?

ಕುವೆಂಪುನಗರದ ಅಮ್ಮ:
ನಮಸ್ಕಾರ. ನಾವು ಮೈಸೂರಿನವರು, ಮಗಳಿಗೆ ಈಗ ಮೂರು ತುಂಬಿತು. ನಮ್ಮ ಬೀದಿಯಲ್ಲೇ ಕೆಲವು ಅಪ್ಪ-ಅಮ್ಮಂದಿರು ಸೇರಿ ಬಾಡಿಗೆ ಮನೆಯಲ್ಲಿ ಮಾಂಟೆಸ್ಸರಿ ನಡೆಸುತ್ತಿದ್ದಾರೆ, ಬೇಳೆ ಆರಿಸುವಂಥ ಕೈಕೆಲಸ ಮಾಡುತ್ತಲೇ ಮಕ್ಕಳು ಕಲಿಯುವ ಶಾಲೆ. ಹೋಗಿ ನೋಡಿದೆ, ಇಷ್ಟವಾಯಿತು. ಆದರೆ ಹೋಮ್‌ವರ್ಕ್ ಇಲ್ಲ, ಎರಡೂವರೆಯಿಂದ ಆರರವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. "ಬೇಳೆ ಆರಿಸೋಕೆ ಫೀಸು ಬೇರೆ ಕಟ್ತೀಯಾ" ಅಂತಾರೆ ನಮ್ಮತ್ತೆ. ಎರಡು ವರ್ಷ ಇಲ್ಲಿ ಕಳಿಸಿ, ಆಮೇಲೆ ದೊಡ್ಡ ಶಾಲೆಯ ಯುಕೆಜಿಗೆ ಹಾಕೋಣ ಅಂತಿದ್ದೇನೆ. ಸರಿನಾ?

ಇಬ್ಬರು ಮಕ್ಕಳ ಅಪ್ಪ:
ಹಾಗೆ ಮಾಡುವುದಾದರೆ ಸೇರಿಸಲೇಬೇಡಿ ಅಂತೀನಿ. ಮೊದಲೆರಡು ವರ್ಷ ಕೈಯಲ್ಲಿ ಮಾಡಿದ್ದೆಲ್ಲ ಕೂಡಿ ಬರುವುದೇ ಮೂರನೇ ವರ್ಷ. ಚಿನ್ನದ ಬಣ್ಣದ ಮಣಿಗಳಿರುತ್ತವೆ: ಬಿಡಿ ಮಣಿ ಒಂದು, ಕಡ್ಡಿ ಹತ್ತು, ಚೌಕ ನೂರು, ದೊಡ್ಡ ಘನ ಸಾವಿರ. ಸಾವಿರ ಎಷ್ಟು ಭಾರ ಅಂತ ಮಗು ಎತ್ತಿಯೇ ತಿಳಿಯುತ್ತದೆ, ಆಮೇಲೆ ನಾಲ್ಕಂಕಿಯ ಕೂಡುವ ಲೆಕ್ಕಕ್ಕೆ ಹೆದರುವುದಿಲ್ಲ. ಚಿಕ್ಕವರಿಗೆ ತೋರಿಸಿಕೊಡುವ ಅಕ್ಕ ಆಗುವುದೂ ಆ ವರ್ಷವೇ. ಒಂದನೇ ಕ್ಲಾಸಿಗೆ 6 ತುಂಬಬೇಕು ಅನ್ನುವ ನಿಯಮ ಇರುವಾಗ ಅವಸರ ಯಾಕೆ? ಅತ್ತೆಯವರಿಗೆ ಹೇಳಿ, ಬೇಳೆ ಆರಿಸುವ ಮೂರು ಬೆರಳೇ ನಾಳೆ ಪೆನ್ಸಿಲ್ ಹಿಡಿಯುವುದು.

ಹಳೇ ಟೀಚರ್:
ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಅದು ನಿಜವಾದ ಮಾಂಟೆಸ್ಸರಿ ಆಗಿದ್ದರೆ ಮಾತ್ರ. ಆ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಹಾಕಿಕೊಳ್ಳಬಹುದು, ನಮ್ಮಲ್ಲಿ ಹಾಕಿಕೊಂಡವರೂ ಕಡಿಮೆ ಇಲ್ಲ. ಮುಖ್ಯ ಆಂಟಿ, ಅಂದರೆ ಕಲಿಸುವವರು, ಎಲ್ಲಿ, ಎಷ್ಟು ಕಾಲ ತರಬೇತಿ ಪಡೆದರು ಕೇಳಿ. ಬೆಳಗ್ಗೆ ಮೂರು ಗಂಟೆ ಹೊತ್ತು ಮಕ್ಕಳನ್ನು ಅವರ ಕೆಲಸಕ್ಕೆ ಬಿಡುತ್ತಾರಾ, ಅಥವಾ ಅರ್ಧ ಗಂಟೆಗೊಮ್ಮೆ ಚಪ್ಪಾಳೆ ತಟ್ಟಿ ರೈಮ್ಸ್ ಹೇಳಿಸುತ್ತಾರಾ? ಮೂಲೆಯಲ್ಲಿ ಸುಮ್ನೆ ಕೂತು ನೋಡಿ. ಸ್ಯಾಂಡ್‌ಪೇಪರ್ ಅಕ್ಷರ (ಉಜ್ಜುಕಾಗದದಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿದ್ದು) ಕನ್ನಡದ್ದೂ ಇದೆಯಾ ಅಂತಲೂ ನೋಡಿ. ಬೆರಳಲ್ಲಿ ತೀಡುತ್ತಾ "ಕ" ಅಂದ ಮಗು ಬೇಗ ಓದುತ್ತದೆ, ಒತ್ತಕ್ಷರ ಆಮೇಲೆ ನಿಧಾನಕ್ಕೆ ಬರುತ್ತದೆ.

ಹಾಸನದ ಅಜ್ಜಿ:
ಇದು ಶ್ರೀಮಂತರ ಶೋಕಿ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಈ ಪದ್ಧತಿ ಹುಟ್ಟುಹಾಕಿದ ಮೇಡಂ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಶುರು ಮಾಡಿದ್ದೇ ಕೂಲಿಕಾರರ ಬಡಾವಣೆಯಲ್ಲಿ. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದವರು ಯುದ್ಧದಿಂದಾಗಿ 1946ರವರೆಗೂ ಭಾರತದಲ್ಲೇ ಉಳಿದು ನಮ್ಮ ಶಿಕ್ಷಕರಿಗೆ ಕಲಿಸಿದರು. ಅತ್ತೆಯವರನ್ನೂ ಒಂದು ದಿನ ಕರೆದುಕೊಂಡು ಹೋಗಿ.

ಇಬ್ಬರು ಮಕ್ಕಳ ಅಪ್ಪ:
ಒಂದು ಮರೆತೆ. ಅಪ್ಪ-ಅಮ್ಮಂದಿರೇ ನಡೆಸುವ ಕಡೆ ದುಡ್ಡಿನ ಮಾತು ಮೊದಲೇ ಆಡಿ. ನಿಮ್ಮ ಹಾಗೆ ಯುಕೆಜಿಗೆ ಅಂತ ನಾಲ್ಕು ಮನೆಯವರು ಒಟ್ಟಿಗೆ ಬಿಟ್ಟುಹೋದರೆ ಬಾಡಿಗೆ, ಆಂಟಿಯ ಸಂಬಳ ಯಾರ ತಲೆಗೆ? ಇಂಥ ಜಾಗಗಳು ಮುಚ್ಚುವುದು ಜಾಸ್ತಿ ಇದರಿಂದಲೇ, ಕಲಿಸುವುದು ಸರಿಯಿಲ್ಲ ಅಂತಲ್ಲ.

ಕುವೆಂಪುನಗರದ ಅಮ್ಮ:
ಅಯ್ಯೋ, ಆ ನಾಲ್ಕು ಮನೆಯಲ್ಲಿ ನಾನೂ ಒಬ್ಬಳು ಅನ್ನಿ! ಸೋಮವಾರ ಅತ್ತೆಯವರ ಜೊತೆ ಹೋಗಿ ಕೂರುತ್ತೇನೆ. ಬಾಡಿಗೆ ಕರಾರು ಎಷ್ಟು ವರ್ಷದ್ದು ಅಂತ ಕೇಳಿದರೆ ತಪ್ಪು ತಿಳಿಯಲ್ಲ ಅಲ್ವಾ?

ಹಳೇ ಟೀಚರ್:
ಕೇಳಿ. ತಪ್ಪು ತಿಳಿದರೆ ಸೇರಿಸಬೇಡಿ.