ಅಟ್ಲಾಸ್ ಸೈಕಲ್‌ನಿಂದ ಅಮೆಜಾನ್‌ವರೆಗೆ ಎಲ್ಲವೂ ಗ್ರೀಕ್ ಹೆಸರುಗಳೇ? ನಿಜವಾಗಿ ಪುರಾಣದಿಂದ ಬಂದದ್ದು ಯಾವುದು?

ಹಾಸನದ ಅಕ್ಕ (ಪ್ರಶ್ನೆ)

ಮಗಳಿಗೆ ದಿನಾ ರಾತ್ರಿ ಗ್ರೀಕ್ ಕಥೆಗಳನ್ನು ಓದಿ ಹೇಳುತ್ತಿದ್ದೇನೆ. ಪುಟಕ್ಕೊಂದು ಪರಿಚಯದ ಹೆಸರು ಸಿಗುತ್ತದೆ. ಅಟ್ಲಾಸ್, ಹರ್ಕ್ಯುಲಿಸ್ ಅಂದರೆ ನಮ್ಮ ಕಾಲದವರಿಗೆ ಸೈಕಲ್. ನೈಕಿ ಅಂದರೆ ಶೂ. ಅಪೊಲೊ ಅಂದರೆ ಟೈರು, ಆಸ್ಪತ್ರೆ, ಚಂದ್ರನಲ್ಲಿಗೆ ಹೋದ ನೌಕೆ. ಇದರ ಮಧ್ಯೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ಪಟ್ಟಿ ಬಂತು. ನೈಕಿ, ಅಮೆಜಾನ್, ಹರ್ಮೆಸ್ ಬ್ಯಾಗು, ಮಾರ್ಸ್ ಚಾಕೊಲೇಟ್, ಸ್ಟಾರ್‌ಬಕ್ಸ್, ಟೈಟನ್ ವಾಚು, ಇವೆಲ್ಲ ಗ್ರೀಕ್ ಮತ್ತು ರೋಮನ್ ದೇವತೆಗಳ ಹೆಸರು ಅಂತ ಅದರಲ್ಲಿದೆ. ಇದು ಪೂರ್ತಿ ನಿಜವಾ?

ಇನ್ನೊಂದು ವಿಷಯ. ನನ್ನ ತಂಗಿ ಟೆರಾಕೋಟಾ ಓಲೆ, ಸರ ಮಾಡಿ ಮಾರುತ್ತಾಳೆ. ಈ ಕಥೆಗಳನ್ನು ಕೇಳಿ ಕೇಳಿ ತನ್ನ ಅಂಗಡಿಗೆ "ಪಂಡೋರಾ" ಅಂತ ಹೆಸರಿಡುತ್ತೇನೆ ಅಂತಿದ್ದಾಳೆ. ಇಡಬಹುದಾ? ತಿಳಿದವರು ಹೇಳಿ.

ತುಂಗಾತೀರ

ಅಕ್ಕಾ, ಆ ಪಟ್ಟಿಯಲ್ಲಿ ಅರ್ಧ ಸರಿ, ಅರ್ಧ ತಪ್ಪು.

ನೈಕಿ ನಿಜವಾಗಿಯೂ ದೇವತೆಯ ಹೆಸರು. ಗ್ರೀಕರ ವಿಜಯದೇವತೆ, ರೆಕ್ಕೆ ಇರುವವಳು. ಕಂಪನಿ 1964ರಲ್ಲಿ ಶುರುವಾದಾಗ ಅದರ ಹೆಸರು ಬ್ಲೂ ರಿಬ್ಬನ್ ಸ್ಪೋರ್ಟ್ಸ್. 1971ರಲ್ಲಿ ಹೊಸ ಹೆಸರು ಬೇಕಾಯಿತು. ಮಾಲೀಕ ಫಿಲ್ ನೈಟ್ ಮನಸ್ಸಿನಲ್ಲಿ "ಡೈಮೆನ್ಷನ್ ಸಿಕ್ಸ್" ಇತ್ತು. ನೈಕಿ ಅನ್ನುವುದನ್ನು ಸೂಚಿಸಿದ್ದು ಅಲ್ಲಿನ ಮೊದಲ ನೌಕರ ಜೆಫ್ ಜಾನ್ಸನ್. ಅದೇ ವರ್ಷ ಕ್ಯಾರೊಲಿನ್ ಡೇವಿಡ್ಸನ್ ಎಂಬ ವಿದ್ಯಾರ್ಥಿನಿ ಆ ಗೀರಿನಂಥ ಗುರುತನ್ನು ಬರೆದುಕೊಟ್ಟರು, ಆಗ ಅವರಿಗೆ ಸಿಕ್ಕಿದ್ದು 35 ಡಾಲರ್. ಅದು ದೇವತೆಯ ರೆಕ್ಕೆ ಅಂತ ತುಂಬಾ ಜನ ಹೇಳುತ್ತಾರೆ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಸಮೋತ್ರೇಸ್ ದ್ವೀಪದಲ್ಲಿ ಸಿಕ್ಕ ನೈಕಿಯ ಶಿಲ್ಪ ಇದೆ. ತಲೆ ಇಲ್ಲ, ಕೈ ಇಲ್ಲ, ಆದರೂ ಗಾಳಿಗೆ ಎದುರಾಗಿ ನಿಂತ ಆ ರೆಕ್ಕೆಗಳನ್ನು ಮಗಳಿಗೆ ಖಂಡಿತ ತೋರಿಸಿ, ಫೋಟೋ ಆದರೂ ಸಾಕು.

ಹರ್ಮೆಸ್ ಬ್ಯಾಗಿಗೂ ಹರ್ಮಿಸ್ ದೇವರಿಗೂ ನೇರ ಸಂಬಂಧ ಇಲ್ಲ. 1837ರಲ್ಲಿ ಪ್ಯಾರಿಸ್‌ನಲ್ಲಿ ಕುದುರೆ ಸಾಮಾನಿನ ಕಾರ್ಯಾಗಾರ ತೆರೆದ ತಿಯೆರಿ ಅವರ ಮನೆತನದ ಹೆಸರೇ ಎರ್ಮೆಸ್, ಫ್ರೆಂಚರು ಹಾಗೇ ಅನ್ನುತ್ತಾರೆ. ಮಾರ್ಸ್ ಕೂಡ ಹಾಗೇ. ಯುದ್ಧದೇವರಲ್ಲ, ಫ್ರ್ಯಾಂಕ್ ಮಾರ್ಸ್ ಅವರ ಕುಟುಂಬದ ಹೆಸರು. ಸ್ಟಾರ್‌ಬಕ್ಸ್ ಹೆಸರು ಬಂದದ್ದು "ಮೋಬಿ ಡಿಕ್" ಕಾದಂಬರಿಯ ಒಬ್ಬ ಹಡಗಿನ ಅಧಿಕಾರಿಯಿಂದ. ಅವರ ಲೋಗೋದಲ್ಲಿರುವ ಎರಡು ಬಾಲದ ಹೆಣ್ಣು ಮಾತ್ರ ಸೈರನ್, ಅದು ಪುರಾಣದ್ದೇ. ಆದರೆ ಹಳೆಯ ಗ್ರೀಕ್ ಚಿತ್ರಗಳಲ್ಲಿ ಸೈರನ್‌ಗೆ ಹಕ್ಕಿಯ ಮೈ. ಮೀನಿನ ಬಾಲ ಬಂದದ್ದು ಮಧ್ಯಯುಗದ ಯುರೋಪಿನಲ್ಲಿ.

ಅಮೆಜಾನ್ ಕಥೆ ಇವೆಲ್ಲಕ್ಕಿಂತ ಚೆನ್ನಾಗಿದೆ. ಗ್ರೀಕ್ ಕಥೆಗಳಲ್ಲಿ ಅಮೆಜಾನ್ ಅಂದರೆ ಯುದ್ಧ ಮಾಡುವ ಹೆಂಗಸರ ಕುಲ. 1541-42ರಲ್ಲಿ ಫ್ರಾನ್ಸಿಸ್ಕೊ ದೆ ಒರೆಯಾನ ಎಂಬ ಸ್ಪೇನ್ ದೇಶದವನು ದಕ್ಷಿಣ ಅಮೆರಿಕದ ಆ ಮಹಾನದಿಯಲ್ಲಿ ಉದ್ದಕ್ಕೂ ಇಳಿದುಹೋದ. ದಾರಿಯಲ್ಲಿ ಹೆಂಗಸರೇ ಮುಂದೆ ನಿಂತು ತಮ್ಮ ಮೇಲೆ ಬಾಣ ಬಿಟ್ಟರು ಅಂತ ಅವನ ಜೊತೆಗಿದ್ದ ಪಾದ್ರಿ ಬರೆದಿಟ್ಟ. ಓದಿದವರಿಗೆ ಗ್ರೀಕ್ ಕಥೆ ನೆನಪಾಯಿತು, ನದಿಗೆ ಅದೇ ಹೆಸರು ಅಂಟಿತು. 1994ರಲ್ಲಿ ಜೆಫ್ ಬೆಜೋಸ್ ಕಂಪನಿ ಶುರು ಮಾಡಿದಾಗ ಮೊದಲು ಇಟ್ಟದ್ದು "ಕಡಾಬ್ರಾ". ಅದು ಫೋನಿನಲ್ಲಿ ಹೆಣ ಅನ್ನುವ ಅರ್ಥದ ಇಂಗ್ಲಿಷ್ ಪದದ ಹಾಗೆ ಕೇಳಿಸಿತು. ಆಮೇಲೆ ದೊಡ್ಡ ನದಿಯ ಹೆಸರು ಇರಲಿ, ಅಕ್ಷರಮಾಲೆಯ ಪಟ್ಟಿಯಲ್ಲೂ ಮೇಲೆ ಬರುತ್ತದೆ ಅಂತ ಅಮೆಜಾನ್ ಆಯಿತು. ಅಂದರೆ ಕಂಪನಿಗೆ ನದಿಯ ಹೆಸರು, ನದಿಗೆ ಕಥೆಯ ಹೆಸರು. ಇಂಥ ಪಟ್ಟಿ ಕಳಿಸುವವರು ಈ ನಡುವಿನ ದಾರಿಯನ್ನೇ ಬಿಟ್ಟುಬಿಡುತ್ತಾರೆ, ನನಗಂತೂ ಅದೇ ಜಾಸ್ತಿ ಇಷ್ಟವಾಗುವ ಭಾಗ.

ನಿಮ್ಮ ಸೈಕಲ್‌ಗಳ ವಿಷಯ. ಹರ್ಕ್ಯುಲಿಸ್ ಮೂಲದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಸೈಕಲ್, ನಮ್ಮಲ್ಲಿ ಅದನ್ನು ತಯಾರಿಸಿದ್ದು ಮದ್ರಾಸಿನ ಟಿಐ ಸೈಕಲ್ಸ್. ಅಟ್ಲಾಸ್ 1951ರಲ್ಲಿ ಹರಿಯಾಣದ ಸೋನೆಪತ್‌ನಲ್ಲಿ ಹುಟ್ಟಿದ್ದು. ಅದರ ಗುರುತಿನಲ್ಲಿ ಭೂಮಿಯ ಗೋಳ ಹೊತ್ತ ಮನುಷ್ಯ ಇದ್ದ, ನೆನಪಿದೆಯಾ? ಕಥೆಯಲ್ಲಿ ಅಟ್ಲಾಸ್ ಹೊರುವುದು ಭೂಮಿಯನ್ನಲ್ಲ, ಆಕಾಶವನ್ನು. ದೇವತೆಗಳ ರಾಜ ಝ್ಯೂಸ್ ವಿರುದ್ಧ ಯುದ್ಧದಲ್ಲಿ ಸೋತದ್ದಕ್ಕೆ ಸಿಕ್ಕ ಶಿಕ್ಷೆ ಅದು. ನೇಪಲ್ಸ್‌ನಲ್ಲಿರುವ ಹಳೆಯ ಶಿಲ್ಪದಲ್ಲಿ ಅವನ ಹೆಗಲ ಮೇಲೆ ಒಂದು ದೊಡ್ಡ ಗುಂಡು ಇದೆ, ಅದರ ಮೇಲೆ ಕೆತ್ತಿರುವುದು ನಕ್ಷತ್ರಪುಂಜಗಳು. ನಮ್ಮ ಕಣ್ಣಿಗೆ ಗುಂಡು ಅಂದರೆ ಭೂಮಿ, ಹಾಗಾಗಿ ಅದೇ ಉಳಿದುಕೊಂಡಿತು. ಇನ್ನೊಂದು, ಇವರಿಬ್ಬರೂ ಒಂದೇ ಕಥೆಯಲ್ಲಿ ಸಿಗುತ್ತಾರೆ. ಹರ್ಕ್ಯುಲಿಸ್‌ಗೆ ಚಿನ್ನದ ಸೇಬು ಬೇಕಿತ್ತು. ನಾನು ತಂದುಕೊಡುತ್ತೇನೆ, ಅಲ್ಲಿಯವರೆಗೆ ನೀನು ಆಕಾಶ ಹಿಡಿದಿರು ಅಂದ ಅಟ್ಲಾಸ್. ಸೇಬು ತಂದ ಮೇಲೆ ಮತ್ತೆ ಹೊರುವುದಕ್ಕೆ ಅವನಿಗೆ ಮನಸ್ಸಿಲ್ಲ. ಹೆಗಲಿಗೆ ದಿಂಬು ಇಟ್ಟುಕೊಳ್ಳುತ್ತೇನೆ, ಒಂದು ಕ್ಷಣ ಹಿಡಿ ಅಂತ ಹೇಳಿ ಹರ್ಕ್ಯುಲಿಸ್ ಜಾಣತನದಿಂದ ತಪ್ಪಿಸಿಕೊಂಡ. ಇದನ್ನು ಮಗಳಿಗೆ ಹೇಳಿ, ಮತ್ತೆ ಮತ್ತೆ ಕೇಳುತ್ತಾಳೆ.

ಕೋರಮಂಗಲ ವಕೀಲೆ

ತಂಗಿಯವರ ಹೆಸರಿನ ಬಗ್ಗೆ ಮಾತ್ರ ಹೇಳುತ್ತೇನೆ. ಪಂಡೋರಾ ಬೇಡ. ಅದೇ ಹೆಸರಿನ ದೊಡ್ಡ ಆಭರಣ ಕಂಪನಿ ಡೆನ್ಮಾರ್ಕ್‌ನಲ್ಲಿದೆ, 1982ರಿಂದ ನಡೆಯುತ್ತಿದೆ. ಟ್ರೇಡ್‌ಮಾರ್ಕ್ ಕೊಡುವಾಗ ವಸ್ತುಗಳನ್ನು, ಸೇವೆಗಳನ್ನು 45 ವರ್ಗಗಳಾಗಿ ಮಾಡಿದ್ದಾರೆ, ಆಭರಣ ಬರುವುದು 14ನೇ ವರ್ಗದಲ್ಲಿ. ಒಂದೇ ವರ್ಗದಲ್ಲಿ ಒಂದೇ ಹೆಸರು ಅಂದರೆ ತಕರಾರು ಬಂದೇ ಬರುತ್ತದೆ. ಬೋರ್ಡು, ಡಬ್ಬಿ, ಚೀಟಿ ಎಲ್ಲ ಅಚ್ಚು ಹಾಕಿಸಿದ ಮೇಲೆ ನೋಟಿಸ್ ಬಂದರೆ ಸಣ್ಣ ವ್ಯಾಪಾರಕ್ಕೆ ದೊಡ್ಡ ಪೆಟ್ಟು. ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಅಕ್ಷರ ಬೇರೆ ಇದ್ದು ಉಚ್ಚಾರ ಹತ್ತಿರ ಇರುವ ಹೆಸರುಗಳನ್ನು ಹುಡುಕುವ ಆಯ್ಕೆಯೂ ಅಲ್ಲೇ ಇದೆ. ಎರಡೂ ರೀತಿ ನೋಡಿ.

ಮಲೆನಾಡ ಮೇಷ್ಟ್ರು

ವಕೀಲರು ಹೇಳಿದ್ದು ಸರಿ. ಆದರೆ ತಂಗಿಗೆ ಆ ಹೆಸರು ಹೊಳೆದದ್ದು ಎಷ್ಟು ಸರಿಯಾಗಿದೆ ನೋಡಿ! ಹೀಸಿಯಡ್ ಎಂಬ ಗ್ರೀಕ್ ಕವಿಯ ಪ್ರಕಾರ ಪಂಡೋರಾಳನ್ನು ಮಾಡಿದ್ದೇ ಮಣ್ಣಿನಿಂದ. ಕಮ್ಮಾರ ದೇವರು ಹೆಫೈಸ್ಟಸ್ ಮಣ್ಣು ಕಲಸಿ ಅವಳನ್ನು ಮಾಡಿದ, ಉಳಿದ ದೇವತೆಗಳು ಒಬ್ಬೊಬ್ಬರು ಒಂದೊಂದು ಕೊಟ್ಟರು. ಲೋಕಕ್ಕೆ ಕಷ್ಟಗಳೆಲ್ಲ ಹೊರಬರುವಂತೆ ಅವಳು ತೆರೆದದ್ದು ಪೆಟ್ಟಿಗೆಯೂ ಅಲ್ಲ, ಧಾನ್ಯ, ಎಣ್ಣೆ ತುಂಬಿಡುವ ದೊಡ್ಡ ಮಣ್ಣಿನ ಜಾಡಿ, ನಮ್ಮ ವಾಡೆಯ ಹಾಗೆ. 16ನೇ ಶತಮಾನದಲ್ಲಿ ಎರಾಸ್ಮಸ್ ಎಂಬ ವಿದ್ವಾಂಸರು ಲ್ಯಾಟಿನ್‌ನಲ್ಲಿ ಬರೆಯುವಾಗ ಜಾಡಿ ಹೋಗಿ ಪೆಟ್ಟಿಗೆ ಬಂತು. ಇವತ್ತು ನಮ್ಮ ಪತ್ರಿಕೆಗಳೂ "ಪಂಡೋರಾ ಪೆಟ್ಟಿಗೆ" ಅಂತಲೇ ಬರೆಯುತ್ತವೆ.

ಮಾತಿನಲ್ಲಿ ಉಳಿದ ತುಂಬಾ ಸಂಗತಿಗಳು ಹೀಗೆಯೇ, ಮೂಲದಲ್ಲಿ ಇದ್ದ ಹಾಗೆ ಉಳಿದಿಲ್ಲ. ಬಲಶಾಲಿಯ ಒಂದು ದುರ್ಬಲ ಜಾಗಕ್ಕೆ, ಗ್ರೀಕ್ ವೀರನ ಹೆಸರಿನಲ್ಲಿ, ಅಕಿಲೀಸನ ಹಿಮ್ಮಡಿ ಅಂತ ಹೇಳುತ್ತೇವೆ. ಗ್ರೀಕ್ ಕವಿ ಹೋಮರನ ಇಲಿಯಡ್ ಕಾವ್ಯದಲ್ಲಿ ಹಿಮ್ಮಡಿಯ ಕಥೆಯೇ ಇಲ್ಲ. ಮೈಗೆ ಪೆಟ್ಟು ತಾಗದಿರಲಿ ಅಂತ ತಾಯಿ ಅವನನ್ನು ಪಾತಾಳದ ಸ್ಟಿಕ್ಸ್ ನದಿಯಲ್ಲಿ ಅದ್ದಿದ ಕಥೆ ನಮಗೆ ಸಿಗುವುದು ಹೋಮರನ ಎಷ್ಟೋ ಶತಮಾನಗಳ ನಂತರದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ. ಒಳ್ಳೆಯದರ ವೇಷದಲ್ಲಿ ಒಳಗೆ ನುಗ್ಗುವ ಕೆಟ್ಟ ಪ್ರೋಗ್ರಾಂಗೆ ಕಂಪ್ಯೂಟರ್‌ನವರು "ಟ್ರೋಜನ್" ಅನ್ನುತ್ತಾರೆ ಅಲ್ವಾ, ಟ್ರಾಯ್ ನಗರದ ಟ್ರೋಜನ್ನರು ಸೈನಿಕರು ಅಡಗಿದ್ದ ಆ ಮರದ ಕುದುರೆಯನ್ನು ಮಾಡಿದವರಲ್ಲ, ನಂಬಿ ಒಳಗೆ ಎಳೆದುಕೊಂಡವರು. ಮಾಡಿದವರು ಗ್ರೀಕರು. ಮೋಸಹೋದವರ ಹೆಸರೇ ಮೋಸದ ತಂತ್ರಕ್ಕೆ ನಿಂತುಬಿಟ್ಟಿತು, ಇದು ನನಗೆ ಯಾವಾಗಲೂ ಅನ್ಯಾಯ ಅನಿಸುತ್ತದೆ.

ಹಾಸನದ ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ವಕೀಲರ ಮಾತನ್ನು ತಂಗಿಗೆ ಓದಿ ಹೇಳಿದೆ, ಒಪ್ಪಿಕೊಂಡಳು. ಟೈಟನ್ ಬಗ್ಗೆ ಯಾರೂ ಹೇಳಲೇ ಇಲ್ಲ. ಮತ್ತೆ, ಗ್ರೀಕ್ ಹೆಸರನ್ನೇ ಯಾಕೆ ಇಷ್ಟು ಜನ ಹಿಡಿದುಕೊಂಡರು?

ಹೊಸೂರು ರೋಡ್

ಟೈಟನ್ ನಾನು ಹೇಳುತ್ತೇನೆ. 1984ರಲ್ಲಿ ಟಾಟಾದವರು ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ ಮಾಡಿದ ಕಂಪನಿ ಅದು. ಟಾಟಾದ "ಟಿ", ಇಂಡಸ್ಟ್ರೀಸ್‌ನ "ಐ", ತಮಿಳುನಾಡಿನ "ಟ್ಯಾನ್", ಹೀಗೆ ಕೂಡಿಸಿದ ಹೆಸರು. ಕಾರ್ಖಾನೆ ಹೊಸೂರಿನಲ್ಲಿ, ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲಿ. ಆದರೆ ಕೂಡಿಸಿದಾಗ ಗ್ರೀಕ್ ದೈತ್ಯರ ಹೆಸರೇ ಬಂತು, ಅದರಿಂದ ಲಾಭವೂ ಆಯಿತು. ವಾಚಿಗಂತೂ ಹೆಸರು ಚೆನ್ನಾಗಿಯೇ ಕೂತಿದೆ. ಯಾಕೆಂದರೆ ಟೈಟನ್ನರ ನಾಯಕ ಕ್ರೋನಸ್. ಕಾಲ ಅನ್ನುವ ಅರ್ಥದ ಗ್ರೀಕ್ ಪದವೂ ಹೆಚ್ಚುಕಡಿಮೆ ಹಾಗೇ ಕೇಳಿಸುತ್ತದೆ. ಬೇರೆ ಬೇರೆ ಪದಗಳೇ, ಆದರೂ ಹಳೆಯ ಕಾಲದಲ್ಲೇ ಜನ ಎರಡನ್ನೂ ಬೆರೆಸಿ ಅವನನ್ನು ಕಾಲದ ದೇವರು ಮಾಡಿಬಿಟ್ಟಿದ್ದರು.

ಗ್ರೀಕ್ ಯಾಕೆ ಅಂದರೆ, ಯುರೋಪಿನ ಶಾಲೆಗಳಲ್ಲಿ ನೂರಾರು ವರ್ಷ ಲ್ಯಾಟಿನ್, ಗ್ರೀಕ್ ಕಲಿಸಿದರು. ಓದಿದವರಿಗೆಲ್ಲ ಈ ಕಥೆ ಗೊತ್ತು. 1795ರಲ್ಲಿ ಕ್ಲಾಪ್ರೋತ್ ಎಂಬ ಜರ್ಮನ್ ವಿಜ್ಞಾನಿ ಒಂದು ಲೋಹಕ್ಕೆ ಟೈಟಾನಿಯಂ ಅಂತ ಹೆಸರಿಟ್ಟದ್ದು ಅದೇ ಟೈಟನ್ನರ ಮೇಲೆ. 1930ರಲ್ಲಿ ಹೊಸ ಆಕಾಶಕಾಯ ಸಿಕ್ಕಿದಾಗ ಪ್ಲೂಟೊ ಅನ್ನುವ ಹೆಸರು ಸೂಚಿಸಿದ್ದು ಆಕ್ಸ್‌ಫರ್ಡ್‌ನ 11 ವರ್ಷದ ಹುಡುಗಿ, ವೆನೀಷಿಯಾ ಬರ್ನಿ. ಮಕ್ಕಳವರೆಗೂ ಈ ಕಥೆಗಳು ಮುಟ್ಟಿದ್ದವು.

ಇನ್ನೊಂದು ಕಾರಣವೂ ಇದೆ. ಆ ದೇವರುಗಳಿಗೆ ಈಗ ಗುಡಿಯಲ್ಲಿ ಪೂಜೆ ಇಲ್ಲ, ಹೆಸರನ್ನು ಸೋಪಿಗೆ ಇಟ್ಟರೂ ಯಾರಿಗೂ ನೋವಾಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಅಗರಬತ್ತಿಗೆ "ರಾಮಾಯಣ" ಅನ್ನುವ ಹೆಸರನ್ನು ಒಬ್ಬರೇ ತಮ್ಮದು ಮಾಡಿಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ.

ಕಲಬುರಗಿ ಹುಡುಗ

ನನಗೆ ಇದು ಅಷ್ಟು ಹಿಡಿಸಲಿಲ್ಲ. ನಮ್ಮಲ್ಲಿ ಕಥೆಗಳಿಗೆ ಬರ ಇದೆಯಾ? ಹಾಲಿಗೆ ನಂದಿನಿ ಅಂತ ಇಟ್ಟರು, ವಸಿಷ್ಠರ ಹಸುವಿನ ಹೆಸರು, ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ. ಕಾರಿಗೆ ಮಾರುತಿ ಅಂತ ಇಟ್ಟರು. ಭಗೀರಥ ಪ್ರಯತ್ನ, ಕುಂಭಕರ್ಣನ ನಿದ್ದೆ ಅಂದರೆ ಓದಲು ಬಾರದ ಅಜ್ಜಿಗೂ ತಿಳಿಯುತ್ತದೆ. ಹಾಸನದಲ್ಲಿ ಓಲೆ ಮಾರುವುದಕ್ಕೆ ಗ್ರೀಸ್‌ಗೆ ಯಾಕೆ ಹೋಗಬೇಕು? ಸುಮ್ನೆ ನಮ್ಮದೇ ಒಂದು ಹೆಸರಿಡಿ.

ಮಲೆನಾಡ ಮೇಷ್ಟ್ರು

ನಮ್ಮ ಹೆಸರಿಡಲಿ ಅನ್ನುವುದಕ್ಕೆ ನನ್ನದೂ ಒಪ್ಪಿಗೆ ಇದೆ. ಆದರೆ ಅವರದು ಬೇರೆ, ನಮ್ಮದು ಬೇರೆ ಅಂತ ಗೆರೆ ಎಳೆಯುವುದು ಅಷ್ಟು ಸುಲಭ ಅಲ್ಲ ತಮ್ಮಾ. ವಾರದ ಹೆಸರುಗಳನ್ನೇ ನೋಡಿ. ಮಂಗಳವಾರ ರೋಮನ್ನರಿಗೆ ಮಾರ್ಸ್‌ನ ದಿನ, ಅದೇ ಮಂಗಳ ಗ್ರಹ. ಬುಧವಾರ ಮರ್ಕ್ಯುರಿಯ ದಿನ, ಫ್ರೆಂಚರು ಇವತ್ತಿಗೂ ಮೆರ್ಕ್ರೆದಿ ಅನ್ನುತ್ತಾರೆ. ಗುರುವಾರ ಜುಪಿಟರ್‌ಗೆ, ಶುಕ್ರವಾರ ವೀನಸ್‌ಗೆ, ಶನಿವಾರ ಸ್ಯಾಟರ್ನ್‌ಗೆ. ಗ್ರಹವೂ ಅದೇ, ಸಾಲೂ ಅದೇ. ಗ್ರಹಗಳ ಹೆಸರಿನ ಈ ಏಳು ದಿನದ ಸಾಲು ನಮ್ಮ ವೇದಗಳಲ್ಲಿ ಇಲ್ಲ. ಗ್ರೀಕರ ಜ್ಯೋತಿಷ್ಯದ ಜೊತೆ ಇಲ್ಲಿಗೆ ಬಂತು ಅಂತ ಇತಿಹಾಸಕಾರರು ಹೇಳುತ್ತಾರೆ. ಭಾರತದಲ್ಲಿ ವಾರದ ಹೆಸರು ಬರೆದಿರುವ ತುಂಬಾ ಹಳೆಯ ಶಾಸನ ಮಧ್ಯಪ್ರದೇಶದ ಎರಣ್‌ನಲ್ಲಿದೆ, ಗುಪ್ತರ ಬುಧಗುಪ್ತನ ಕಾಲದ್ದು, ಕ್ರಿ.ಶ. 484. ಅದರಲ್ಲಿರುವುದು ಗುರುವಾರ. ಜಾತಕ ನೋಡುವಾಗ ಜೋಯಿಸರು ಹೇಳುವ "ಹೋರಾ", "ಕೇಂದ್ರ" ಕೂಡ ಗ್ರೀಕ್‌ನಿಂದಲೇ ಸಂಸ್ಕೃತಕ್ಕೆ ಬಂದವು.

ಇಂಗ್ಲಿಷಿನವರು ಇದರಲ್ಲಿ ನಮ್ಮಷ್ಟೂ ಉಳಿಸಿಕೊಂಡಿಲ್ಲ. ಮಂಗಳವಾರದಿಂದ ಶುಕ್ರವಾರದವರೆಗೆ ರೋಮನ್ ದೇವರನ್ನು ತೆಗೆದು ಟಿವ್, ವೋಡನ್, ಥಾರ್, ಫ್ರಿಗ್ ಅಂತ ತಮ್ಮ ಹಳೆಯ ದೇವರುಗಳನ್ನು ಕೂರಿಸಿದರು. ಅವರಲ್ಲಿ ರೋಮನ್ ದೇವರ ಹೆಸರಿನಲ್ಲೇ ಉಳಿದದ್ದು ಶನಿವಾರ ಒಂದೇ.