ಪ್ರಾಜೆಕ್ಟ್ ಕೊಟ್ಟರೆ ಎಲ್ಲರೂ ಒಂದೇ ರಿಪೋರ್ಟ್ ತರುತ್ತಾರೆ, ಏನು ಮಾಡಲಿ?

ಬಿಕಾಂ ಮೇಡಂ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಬಿಕಾಂ ಮಕ್ಕಳಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತೇನೆ. ಕ್ಲಾಸಲ್ಲಿ 62 ಜನ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಜಗಳೂರು, ಹರಿಹರ, ಚನ್ನಗಿರಿ ಕಡೆಯಿಂದ ಬಸ್ಸಲ್ಲಿ ಬರುತ್ತಾರೆ. ಅದಕ್ಕೇ ಈ ಸಲ ಅರ್ಧ ಪಾಠ ಆನ್‌ಲೈನ್‌ನಲ್ಲಿ ಮುಗಿಸಿ, ಉಳಿದ ಹೊತ್ತಿನಲ್ಲಿ ಪ್ರಾಜೆಕ್ಟ್ ಮಾಡಿಸೋಣ ಅಂತ ಆಸೆ.

ಹೋದ ವರ್ಷವೂ ಪ್ರಾಜೆಕ್ಟ್ ಕೊಟ್ಟಿದ್ದೆ. "ನಗರದ ಗ್ರಾಹಕರ ಖರೀದಿ ಅಭ್ಯಾಸ" ಅಂತ ವಿಷಯ. 11 ತಂಡ, 11 ರಿಪೋರ್ಟ್, ಎಲ್ಲಕ್ಕೂ ಸ್ಪೈರಲ್ ಬೈಂಡಿಂಗ್. ಓದುತ್ತಾ ಹೋದರೆ ನಾಲ್ಕರಲ್ಲಿ ಅದೇ ಪೈ ಚಾರ್ಟ್, ಅದೇ ಅಂಕಿ. ಒಂದರಲ್ಲಿ ಊರಿನ ಹೆಸರು ಕೊಯಮತ್ತೂರು ಅಂತಲೇ ಉಳಿದಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಕ್ಕಳ ಮೇಲೆ ಸಿಟ್ಟು ಅಂತಲ್ಲ, ನಾನು ಕೇಳಿದ್ದೇ ಅಂಥ ಪ್ರಶ್ನೆ ಅನ್ನಿಸಿತು.

ಎಂಥ ವಿಷಯ ಕೊಡಬೇಕು? ತಂಡದಲ್ಲಿ ಒಬ್ಬರೇ ದುಡಿದು ಉಳಿದವರು ಸುಮ್ನೆ ಹೆಸರು ಬರೆಸಿಕೊಂಡರೆ ಅಂಕ ಹೇಗೆ ಹಾಕೋದು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಹಳೇ ಮೇಷ್ಟ್ರು

ಮೇಡಂ, ನೀವು ಕೊನೆಗೆ ಹೇಳಿದ ಮಾತೇ ನಿಜ. ನೆಟ್‌ನಲ್ಲಿ ಉತ್ತರ ಇರುವ ಪ್ರಶ್ನೆ ಕೊಟ್ಟರೆ ಮಕ್ಕಳು ಅಲ್ಲಿಂದಲೇ ತರುತ್ತಾರೆ. ಅವರೇ ಅಳೆದು ತೂಗಿ ತರಬೇಕಾದ್ದು ಏನಾದರೂ ಇರಬೇಕು, ಅದೂ ಅವರ ಮನೆಗೆ ಬೇಕಾದ್ದಾದರೆ ಇನ್ನೂ ಒಳ್ಳೆಯದು.

ನಾನು ಮಾಡಿಸಿದ್ದು ಹೇಳುತ್ತೇನೆ. ನಮ್ಮ ಕಡೆ ಎಲ್ಲಿ ನೋಡಿದರೂ ಮೆಕ್ಕೆಜೋಳ ಅಲ್ವಾ, ಕ್ಲಾಸಲ್ಲಿ ಅರ್ಧ ಮಕ್ಕಳ ಮನೆಯಲ್ಲಿ ಅದೇ ಬೆಳೆ. ಒಬ್ಬ ಹುಡುಗ ಬಂದು, "ಸರ್, ಅಪ್ಪ ಕಾಳು ಮಾರೋಕೆ ಹೋದಾಗ ತೇವಾಂಶ 18 ಇದೆ ಅಂತ ಕ್ವಿಂಟಲ್‌ಗೆ ಐದು ಕೆಜಿ ಮುರಿದುಕೊಂಡರು, 14ರ ತನಕ ಇರಬಹುದಂತೆ, ಹಂಗಾದ್ರೆ ನಾಲ್ಕೇ ಕೆಜಿ ಅಲ್ವಾ ಮುರಿಯಬೇಕಾದ್ದು?" ಅಂದ. ಬೆಂಬಲ ಬೆಲೆಗೆ ಕೊಳ್ಳುವಾಗಲೂ 14 ಪರ್ಸೆಂಟೇ ಮಿತಿ. ಕ್ಲಾಸಿಗೆ ಕ್ಲಾಸೇ ಅವನ ಪರ ನಿಂತಿತು. ನಾನು ಉತ್ತರ ಹೇಳಲಿಲ್ಲ. ಅದನ್ನೇ ಪ್ರಾಜೆಕ್ಟ್ ಮಾಡಿದೆವು.

ಒಬ್ಬೊಬ್ಬರೂ ಮನೆಯಿಂದ ಕಾಳು ತಂದರು. ಕೆಮಿಸ್ಟ್ರಿ ಲ್ಯಾಬಿನವರನ್ನು ಕೇಳಿಕೊಂಡು ನೂರು ನೂರು ಗ್ರಾಂ ತೂಗಿ, ಶುಕ್ರವಾರ ಸಂಜೆ ಓವನ್‌ನಲ್ಲಿ ಇಟ್ಟೆವು. ಇಡೀ ಕಾಳಾದರೆ 103 ಡಿಗ್ರಿಯಲ್ಲಿ 72 ಗಂಟೆ ಇಡಬೇಕು. ಸೋಮವಾರ ಸಂಜೆ ತೆಗೆದಾಗ ಕಾಳು ತಟ್ಟೆಯಲ್ಲಿ ಕಲ್ಲಿನ ಹಾಗೆ ಸದ್ದು ಮಾಡುತ್ತಿತ್ತು. ಕೆಲವರದು 85 ಗ್ರಾಂ, ಆ ಹುಡುಗನದು 82, ಒಬ್ಬಳದು 79.

ಈಗ ಲೆಕ್ಕ. ತೇವಾಂಶ 18 ಇರುವ ಒಂದು ಕ್ವಿಂಟಲ್‌ನಲ್ಲಿ ಒಣ ಭಾಗ 82 ಕೆಜಿ. ತೇವಾಂಶ 14ಕ್ಕೆ ಇಳಿದಾಗ ಇದೇ 82 ಕೆಜಿ ಒಟ್ಟು ತೂಕದ 86 ಪರ್ಸೆಂಟ್ ಆಗಬೇಕು. 82 ಅನ್ನು 0.86ರಿಂದ ಭಾಗಿಸಿದರೆ 95.35. ಅಂದರೆ ಇಳಿಯೋದು 4.65 ಕೆಜಿ. ನಾಲ್ಕೂ ಅಲ್ಲ, ಐದೂ ಅಲ್ಲ! ಬೋರ್ಡ್ ಮುಂದೆ ಅರ್ಧ ಗಂಟೆ ಜಗಳ ಆಯಿತು. 2025-26ರ ಬೆಂಬಲ ಬೆಲೆ 2,400 ರೂಪಾಯಿ ಹಿಡಿದರೆ ಜಾಸ್ತಿ ಮುರಿದ 350 ಗ್ರಾಂಗೆ ಕ್ವಿಂಟಲ್‌ಗೆ ಎಂಟು ರೂಪಾಯಿ ಚಿಲ್ಲರೆ, ನೂರು ಕ್ವಿಂಟಲ್‌ಗೆ 840. ಆಮೇಲೆ ಒಬ್ಬಳು, ಒಂದೇ ಚೀಲದ ಮೇಲಿನ ಕಾಳು ಬೇರೆ ತೂಕ, ತಳದ ಕಾಳು ಬೇರೆ ತೂಕ ಬಂತು, ಹಂಗಾದ್ರೆ ಎಷ್ಟು ಕಡೆಯಿಂದ ತೆಗೆಯಬೇಕು ಸರ್ ಅಂದಳು. ಸ್ಯಾಂಪ್ಲಿಂಗ್ ಪಾಠ ಅಲ್ಲಿಂದಲೇ ಶುರು ಮಾಡಿದೆ. ಇಪ್ಪತ್ತು ವರ್ಷ ಪಾಠ ಮಾಡಿದ್ದರಲ್ಲಿ ಆ ಪ್ರಶ್ನೆಯನ್ನು ಒಂದು ಮಗು ತಾನಾಗೇ ಕೇಳಿದ್ದು ಅದೇ ಮೊದಲು.

ಅಂಕದ ವಿಷಯ: 30ರಲ್ಲಿ ರಿಪೋರ್ಟಿಗೆ ಬರೀ 10. ವಾರ ವಾರ ಬರೆದ ನೋಟ್ ಬುಕ್ಕಿಗೆ 10. ಉಳಿದ 10ಕ್ಕೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಐದು ನಿಮಿಷ ಮಾತಾಡಿಸುತ್ತೇನೆ. "ಈ ಅಂಕಿ ಎಲ್ಲಿಂದ ಬಂತು?" ಅಂತ ಒಂದು ಮಾತು ಕೇಳಿದರೆ ಯಾರು ಮಾಡಿದ್ದು, ಯಾರು ಮಾಡಿಲ್ಲ, ಎಲ್ಲ ಗೊತ್ತಾಗುತ್ತದೆ.

ದುರ್ಗದವ

ನಾನು ಚಿತ್ರದುರ್ಗದಲ್ಲಿ ಇಂಜಿನಿಯರಿಂಗ್ ಮಕ್ಕಳಿಗೆ ಪಾಠ ಮಾಡುತ್ತೇನೆ. ನಮ್ಮಲ್ಲಿ ನೀರೇ ಪ್ರಾಜೆಕ್ಟ್. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷ ಕಾದ ಊರಿನವರು ನಾವು. ಮೊದಲ ವಾರ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗುತ್ತೇನೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ. ನೀರು ಹರಿದ ದಾರಿಯನ್ನು ನಡೆದೇ ನೋಡಬೇಕು. ವಾಪಸ್ ಬಂದು ಕಾಲೇಜಿನ ತಾರಸಿ ಅಳೆಯೋದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು, ಇಷ್ಟು ಗೊತ್ತಿದ್ದರೆ ಸಾಕು, ಮುಂದಿನದನ್ನು ಅವರೇ ಹುಡುಕಿಕೊಳ್ಳುತ್ತಾರೆ.

ಆನ್‌ಲೈನ್ ಬಗ್ಗೆ ಒಂದು ಮಾತು. ಐಐಟಿಯವರು ನಡೆಸುವ ಆನ್‌ಲೈನ್ ಪಾಠ ಎನ್‌ಪಿಟೆಲ್ ಇದೆಯಲ್ಲ, ಅದರ ಹೆಚ್ಚಿನ ಕೋರ್ಸ್‌ಗಳಲ್ಲಿ ವಾರದ ಅಸೈನ್‌ಮೆಂಟ್‌ಗೆ 25, ಕೊನೆಯ ಪರೀಕ್ಷೆಗೆ 75 ಅಂಕ. ಪಾಠ ಬಹಳ ಚೆನ್ನಾಗಿದೆ, ಆದರೆ ಈ ಲೆಕ್ಕದಲ್ಲಿ ಪ್ರಾಜೆಕ್ಟಿಗೆ ಜಾಗ ಎಲ್ಲಿ? ಅದಕ್ಕೆ ನಾನು ವಿಡಿಯೋ ಮನೆಯಲ್ಲಿ ನೋಡಿ ಬನ್ನಿ ಅಂತೇನೆ, ಎದುರಿಗೆ ಸಿಕ್ಕ ಹೊತ್ತನ್ನೆಲ್ಲ ಅಳೆಯೋದಕ್ಕೆ, ತಪ್ಪು ತಿದ್ದೋದಕ್ಕೆ ಇಟ್ಟುಕೊಳ್ಳುತ್ತೇನೆ.

ಸಿಲಬಸ್ ಮೊದಲು

ಒಪ್ಪುತ್ತೇನೆ, ಆದರೆ ಸ್ವಲ್ಪ ನಿಧಾನ. ಸರಾಸರಿ ತೆಗೆಯೋಕೆ ಬಾರದ ಮಗುವಿಗೆ ಪ್ರಾಜೆಕ್ಟ್ ಕೊಟ್ಟರೆ ಅದು ಕಲಿಯೋದಿಲ್ಲ, ಹೆದರುತ್ತದೆ. ಕಲಿಕೆಯ ಬಗ್ಗೆ ಸಂಶೋಧನೆ ಮಾಡಿದ ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ 2006ರಲ್ಲಿ ಬರೆದದ್ದೂ ಇದೇ: ಹೊಸಬರನ್ನು ದಾರಿ ತೋರಿಸದೆ ಬಿಟ್ಟರೆ ಕಲಿಕೆ ಅಷ್ಟಾಗಿ ಆಗೋದಿಲ್ಲ. ಹಳೇ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು, ಅದಕ್ಕೇ ಅವರದು ನಡೆಯಿತು. ಮೊದಲ ನಾಲ್ಕು ವಾರ ಬೋರ್ಡ್ ಮೇಲೆ ಪಾಠ ಮಾಡಿ ಮೇಡಂ. ಪರೀಕ್ಷೆ ಬರೆಯೋದು ಮಕ್ಕಳು, ಅದನ್ನೂ ನೋಡಬೇಕಲ್ಲ.

ಜಗಳೂರು ಹುಡುಗಿ

ಮೇಡಂ, ನಾನು ಸ್ಟೂಡೆಂಟ್. ತಂಡದ ಕೆಲಸ ಎಲ್ಲ ಒಬ್ಬಳೇ ಮಾಡಿದವಳು ನಾನು. ಐದು ಜನಕ್ಕೂ ಒಂದೇ ಅಂಕ ಬಂದಾಗ ಅತ್ತಿದ್ದೆ. ಆಮೇಲಿನ ಸೆಮಿಸ್ಟರ್‌ನಲ್ಲಿ ಬಂದ ಮಿಸ್ ಮೂರೇ ಜನರ ತಂಡ ಮಾಡಿದರು, ಯಾರು ಯಾವ ದಿನ ಏನು ಅಳೆದರು ಅಂತ ಅವರವರ ಕೈಬರಹದಲ್ಲೇ ಬರೆಸಿದರು. ಅಷ್ಟಕ್ಕೇ ಎಲ್ಲ ಸರಿಹೋಯಿತು. ಇನ್ನೊಂದು, ಊರಲ್ಲಿ ನೆಟ್‌ವರ್ಕ್ ಬರೋದು ನಮ್ಮ ಮನೆ ಮಾಳಿಗೆ ಮೇಲೆ ಮಾತ್ರ, ಸಂಜೆ ಏಳಕ್ಕೆ ಮೀಟಿಂಗ್ ಇಟ್ಟರೆ ಅಮ್ಮ ಕತ್ತಲಲ್ಲಿ ಮೇಲೆ ಹೋಗೋಕೆ ಬಿಡೋದಿಲ್ಲ. ವಾರಕ್ಕೊಂದು ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ ಅಂದರೆ ನಾವು ಖಂಡಿತ ಕಳಿಸುತ್ತೇವೆ.

ಬಿಕಾಂ ಮೇಡಂ, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜಗಳೂರಿನ ಮಗಳೇ, ಮಾಳಿಗೆ ವಿಷಯ ನನಗೆ ಹೊಳೆದೇ ಇರಲಿಲ್ಲ ಕಣಮ್ಮ. ಮೀಟಿಂಗ್ ಬೇಡ, ವಾಯ್ಸ್ ಮೆಸೇಜೇ ಸಾಕು.

ಮೇಷ್ಟ್ರೇ, ನಿಮ್ಮ ಜೋಳದ ಲೆಕ್ಕ ನೋಡಿ ನನಗೆ ಮಂಡಕ್ಕಿ ನೆನಪಾಯಿತು. ನಮ್ಮಲ್ಲಿ ಕೆಲವು ಅಂಗಡಿಯವರು ಇನ್ನೂ ಸೇರಿನಲ್ಲೇ ಅಳೆದು ಕೊಡುತ್ತಾರೆ. ಒಂದು ಸೇರು ಮಂಡಕ್ಕಿ ಎಷ್ಟು ಗ್ರಾಂ ತೂಗುತ್ತದೆ? ಅಂಗಡಿಯಿಂದ ಅಂಗಡಿಗೆ ಎಷ್ಟು ಹೆಚ್ಚು ಕಡಿಮೆ? ಗೋಪುರದ ಹಾಗೆ ತುಂಬಿದರೆ ಎಷ್ಟು, ಬಾಯಿಮಟ್ಟ ಸವರಿದರೆ ಎಷ್ಟು? ನಾಲ್ಕು ವಾರ ಬೋರ್ಡ್ ಪಾಠ ಮುಗಿಸಿ, ಐದನೇ ವಾರದ ಶನಿವಾರ 62 ಜನರೂ ಅವರವರ ಊರಿನಿಂದ ಒಂದೊಂದು ಸೇರು ತರುವುದು ಅಂತ ಇವತ್ತೇ ಹೇಳಿಬಿಟ್ಟೆ. ಮೂರು ಮೂರು ಜನರ ತಂಡ. ತಕ್ಕಡಿಗೆ ಲ್ಯಾಬಿನವರನ್ನು ಕೇಳಿದ್ದೇನೆ. ತೂಕ ಮುಗಿದ ಮೇಲೆ ಖಾರ ಮಂಡಕ್ಕಿಗೆ ಈರುಳ್ಳಿ ಯಾರು ತರೋದು ಅಂತ ಹಿಂದಿನ ಬೆಂಚಿನಲ್ಲಿ ಆಗಲೇ ಮಾತು ಶುರುವಾಗಿದೆ.